ಅಡಿಟಿಪ್ಪಣಿ ಮೂರು

ಸೆತೂಬಲ್ ಬಂದರಿನಲ್ಲಿ ಹದಿನೆಂಟು ವರ್ಷ
ಮೀನಿನ ಡಬ್ಬಿ ನೋಡುವ ಕೆಲಸ ನನ್ನದು.
ಉಬ್ಬಿದ್ದು, ನಗ್ಗಿದ್ದು, ತಾರೀಖು ಅಳಿಸಿದ್ದು
ಬೆರಳ ತುದಿಗೇ ತಿಳಿಯುತ್ತಿತ್ತು; ಎತ್ತಿ
ಪಕ್ಕದ ಬುಟ್ಟಿಗೆ.

ಕಾರ್ಖಾನೆ ಮುಚ್ಚಿತು. ಬೆರಳು ಸುಮ್ಮನಿರಲಿಲ್ಲ.
ಈಗ ರಾತ್ರಿ ಹತ್ತರ ಮೇಲೆ, ಕಾಫಿ ಆರುವಷ್ಟು ಹೊತ್ತು,
ಎಲ್ಲರೂ ಸೇರಿ ಬರೆಯುವ ವಿಶ್ವಕೋಶದೊಳಗೆ
ಉಬ್ಬಿದ ವಾಕ್ಯಗಳನ್ನು ಹೆಕ್ಕುತ್ತೇನೆ.
'ಜಗದ್ವಿಖ್ಯಾತ' – ಯಾರು ಹೇಳಿದರು? ಬುಟ್ಟಿಗೆ.
'ಅಪ್ರತಿಮ ಸೇವೆ' – ಬುಟ್ಟಿಗೆ.
ಹೋಟೆಲಿನ ಬಗ್ಗೆ ಹೋಟೆಲಿನವನೇ ಬರೆದ
ಮೂರು ಪ್ಯಾರಾ, ಒಂದೇ ಏಟಿಗೆ.
ದಂತವೈದ್ಯನೊಬ್ಬ ಗೋಗರೆದು ಬರೆದ:
'ನಾನು ಹುಟ್ಟಿದ ದಿನ ನನಗೇ ಗೊತ್ತಿಲ್ಲವೆ ತಾಯಿ?'
ಗೊತ್ತಿರಬಹುದು ಮಗನೆ,
ಅಚ್ಚಾಗಿದೆಯೆ ಎಲ್ಲಾದರೂ, ಎಂದೆ.

ನದೀಮೂಲ ಋಷಿಮೂಲ ಕೇಳಬಾರದಂತೆ.
ನಾವು ಕೇಳುತ್ತೇವೆ.
ಸಾದೊ ನದಿಯ ಮೂಲಕ್ಕೂ ನಮಗೆ ಪುಟಸಂಖ್ಯೆ ಬೇಕು.

ಹೀಗಿರುತ್ತ ಒಂದು ಮಂಗಳವಾರ
ಬಂದರಿನ ದೋಣಿ ದುರಂತಗಳ ಪುಟದಲ್ಲಿ
ಅಲ್ಪವಿರಾಮ ಸರಿಮಾಡಲು ಹೋದವಳಿಗೆ
ಅಪ್ಪ ಸಿಕ್ಕ.

'೧೯೬೮, ನವೆಂಬರ್. ಸಾಂತಾ ಯುಫೇಮಿಯಾ ಮುಳುಗಿ ಐವರ ಸಾವು.
ಕಾರಣ, ಚಾಲಕ ಬೆಲ್ಮೀರೊ ಕರಾಪೆತೊನ ಅಜಾಗರೂಕತೆ.'
ಕೊನೆಗೊಂದು ಪುಟ್ಟ ಮೂರು,
ಗಾಳದ ಹಾಗೆ ಬಾಗಿದ್ದು.

ಮೂರನ್ನು ಒತ್ತಿದೆ. ಊರ ಪತ್ರಿಕೆ, ಎರಡನೇ ಪುಟ,
ನಾಲ್ಕನೇ ಕಾಲಂ. ಅಚ್ಚಾಗಿದೆ. ತಾರೀಖಿದೆ.
ಡಬ್ಬಿ ಗಟ್ಟಿಯಾಗಿದೆ.
ಬೇರೆ ಯಾರ ಅಪ್ಪನಾದರೂ
ಸಾಲಿನಲ್ಲಿ ಮುಂದಕ್ಕೆ ಬಿಡುತ್ತಿದ್ದೆ.

ಅಮ್ಮ ಹೇಳಿದ್ದು ಬೇರೆ.
ಸಾರ್ಡೀನಿನ ಹೊಟ್ಟೆ ಸೀಳುತ್ತ, ತಲೆ ಎತ್ತದೆ,
ಸಾಯುವವರೆಗೂ ಹೇಳಿದ್ದು:
ಇಂಜಿನ್ನಿಗೆ ಕೆಮ್ಮು ಹತ್ತಿ ಎರಡು ತಿಂಗಳಾಗಿತ್ತು,
ಧಣಿಗೆ ಮೂರು ಸಲ ಹೇಳಿ ಕಳಿಸಿದ್ದರು,
'ಈ ಸುಗ್ಗಿ ಕಳೆಯಲಿ' ಅಂದನಂತೆ.
ಆ ಧಣಿಯದೇ ಪತ್ರಿಕೆ.

ಅಮ್ಮನ ಮಾತಿಗೆ ಪ್ರಕಾಶಕರಿಲ್ಲ.
ಅಡುಗೆಮನೆಗೆ ಎರಡನೇ ಮುದ್ರಣವಿಲ್ಲ.

ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಕೂತೆ.
ಯಾರಿಗೆ ತಿಳಿಯುತ್ತದೆ? ಅಲ್ಲಿ ನಾನು
ಬರೀ 'ಉಪ್ಪು೬೨'.
ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ;
ಹೆಗ್ಗಣಕ್ಕೆ ಹೆತ್ತವರು?
ದಂತವೈದ್ಯನ ನೆನಪಾಯಿತು.

ಚರ್ಚೆಯ ಪುಟ ತೆರೆದು ಬರೆದೆ:
'ಸತ್ತ ಚಾಲಕ ನನ್ನ ತಂದೆ. ನಾನು ಈ ವಾಕ್ಯ ಮುಟ್ಟುವುದಿಲ್ಲ.
ಬೇರೆ ಯಾರಾದರೂ ನೋಡಿ,
ದೋಣಿ ಯಾರದು, ಪತ್ರಿಕೆ ಯಾರದು.'
ಪೂರ್ತಿ ಹೆಸರು ಹಾಕಿದೆ. ಇದಾಲಿನಾ ಕರಾಪೆತೊ.
ಕೈ ನಡುಗಿದ್ದು ಕಾಫಿಗೆ ಇರಬೇಕು.

ಹನ್ನೊಂದು ದಿನ ಯಾರೂ ಬರಲಿಲ್ಲ.
ಹನ್ನೆರಡನೆಯ ದಿನ ಬ್ರಾಗಾನ್ಸಾದ ಹುಡುಗನೊಬ್ಬ,
ಸಮುದ್ರ ಕಾಣದ ಬೆಟ್ಟದೂರಿನವನು,
ಹಳೆಯ ಗೆಜೆಟ್ಟುಗಳನ್ನು ಸೋಸಿ
ಎರಡು ನೋಂದಣಿ ತಂದ. ದೋಣಿಗೊಂದು, ಪತ್ರಿಕೆಗೊಂದು.
ಒಂದೇ ಹೆಸರು, ಒಂದೇ ಬೀದಿ, ಒಂದೇ ಮಹಡಿ.
ಇಂಜಿನ್ನು? 'ಕ್ಷಮಿಸಿ, ಏನೂ ಸಿಗಲಿಲ್ಲ.'

ವಾಕ್ಯ ಈಗ ಹೀಗಿದೆ:
'ಚಾಲಕನ ಅಜಾಗರೂಕತೆ ಕಾರಣ ಎಂದು
ದೋಣಿಯ ಮಾಲೀಕರದೇ ಆದ ಪತ್ರಿಕೆ ವರದಿ ಮಾಡಿತು.'
ಅಷ್ಟೇ. ಒಂದು 'ಎಂದು'.
ಐವತ್ತಾರು ವರ್ಷ ಅಪ್ಪ
ಆ 'ಎಂದು' ಇಲ್ಲದೆ ನೀರಿನಡಿ ಇದ್ದ.

ಆವತ್ತಾದರೂ ನಿದ್ದೆ ಬರಬೇಕಿತ್ತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ,
ನಾನು ಪ್ರತ್ಯಕ್ಷ ಕಂಡದ್ದೂ ಒಂದಿದೆ.
ಆ ಬೆಳಗಿನ ಜಾವ, ಆರು ವರ್ಷದವಳು, ಮೇಜಿನ ಕೆಳಗಿದ್ದೆ.
ಬೂಟಿನ ದಾರ ಕಟ್ಟಲು ಅಪ್ಪ ಬಾಗಿದ,
ಗಂಟು ತಪ್ಪಿತು. ಮತ್ತೆ ಬಾಗಿದ, ಮತ್ತೆ ತಪ್ಪಿತು.
ಉಸಿರಿಗೆ ಅಂಜೂರದ ಸಾರಾಯಿಯ ಕಮಟು.
ದಾರ ನಾನೇ ಕಟ್ಟಿದೆ.

ಉಳಿದ ನಾಲ್ವರ ಮಕ್ಕಳು ಈ ಊರಲ್ಲೇ ಇದ್ದಾರೆ.
ನನಗೆ ದಿನಾ ಬ್ರೆಡ್ಡು ಕೊಡುವ ಝುಲ್ಮೀರಾ ಒಬ್ಬಳು,
ನಿನ್ನೆಯದಿದ್ದರೆ ನಿನ್ನೆಯದು ಎಂದೇ ಹೇಳಿ ಕೊಡುತ್ತಾಳೆ.

ಆ ದಾರಕ್ಕೆ ಮೂಲವಿಲ್ಲ.
ಚರ್ಚೆಯ ಪುಟದಲ್ಲಿ ಅದನ್ನು ಹೇಳಿಲ್ಲ.
ನಿಯಮದ ಪ್ರಕಾರ ಹೇಳಬೇಕಾಗಿಯೂ ಇಲ್ಲ.